ಜಾಮ್ ಆದ ರೋಡ್‌ಕಿಂಗ್ ಬಿಚ್ಚೋದು ಹೇಗೆ? ಮಾಡಿದವರು ಹೇಳಿ

ಕೇಳಿದವರು, ಚಿತ್ತಾಪುರ

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ಹೊಲದ ಪತ್ರಾಸ್ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಈಗ ಮನೆಗೆ ತಂದಿದ್ದೇನೆ. ಕಿಕ್ ಅಲ್ಲಾಡುತ್ತಿಲ್ಲ. ಬ್ಲಾಕಿಗೆ (ಪಿಸ್ಟನ್ ಓಡಾಡೋ ಸಿಲಿಂಡರ್) ಕೂರುವ ಸೈಲೆನ್ಸರ್ ನಟ್ಟು ಎರಡೂ ತಿರುಗುತ್ತಿಲ್ಲ. ಎಂಜಿನ್ ಕವರಿನ ಸ್ಕ್ರೂ ತಲೆಗಳು ಸವೆಯುತ್ತಿವೆ. ಹಿಂದಿನ ಗಾಲಿ ಹಿಡಿಯೋ ಸ್ವಿಂಗ್ ಆರ್ಮ್ ಬೋಲ್ಟಂತೂ ಫ್ರೇಮಿಗೇ ಬೆಸೆದ ಹಾಗಿದೆ. ಊರಿನ ಮೆಕ್ಯಾನಿಕ್ "ಸುತ್ತಿಗೆ ಹಿಡಿದರೆ ಎಲ್ಲಾ ಬರುತ್ತೆ" ಅಂತಾರೆ. ಕೊಡೋಕೆ ಧೈರ್ಯ ಬರ್ತಿಲ್ಲ. ದಾರಿ ತೋರಿಸಿ ಅಣ್ಣಾ.

ಕಲಬುರಗಿಯಿಂದ

ಕೊಡದೇ ಇದ್ದದ್ದು ಒಳ್ಳೇದೇ ಆಯ್ತು. ರೋಡ್‌ಕಿಂಗ್ ಮೈಸೂರಿನಲ್ಲಿ 1978ರಿಂದ 1996ರವರೆಗೆ ತಯಾರಾದ ಗಾಡಿ. ನಟ್ಟು, ಬೋಲ್ಟು, ಸೈಲೆನ್ಸರ್ ಇವತ್ತಿಗೂ ಹೊಸದು ಸಿಗುತ್ತವೆ. ಒಳ್ಳೆ ಕ್ರ್ಯಾಂಕ್‌ಕೇಸು (ಎಂಜಿನ್ನಿನ ಕೆಳಗಿನ ಪೆಟ್ಟಿಗೆ), ರೆಕ್ಕೆ ಮುರಿಯದ ಬ್ಲಾಕು ಸಿಗೋದು ಕಷ್ಟ. ಪಾನಾ ಹಿಡಿಯೋ ಮೊದಲು ಇದನ್ನು ನೋಡಿಕೊಳ್ಳಿ: ಒಂದಕ್ಕೊಂದು ಕಚ್ಚಿಕೊಂಡ ಜೋಡಿಯಲ್ಲಿ ಯಾವುದು ಹಾಳಾದರೆ ನಡೆಯುತ್ತೆ? ಅದನ್ನೇ ಹಾಳು ಮಾಡಿ, ಇನ್ನೊಂದನ್ನು ಉಳಿಸಿ.

ಮೊದಲು ಜಾಮ್ ಆದ ಪಿಸ್ಟನ್. ಕಿಕ್ ಮೇಲೆ ನಿಂತು ಜಗ್ಗಬೇಡಿ, ಒಳಗಿನ ಹಲ್ಲು ಹೋಗುತ್ತೆ. ಹೆಡ್ ಬಿಚ್ಚಿ, ಟಾರ್ಚ್ ಹಾಕಿ ಪಿಸ್ಟನ್ ಎಲ್ಲಿ ನಿಂತಿದೆ ನೋಡಿ. ಇದು ಟೂ ಸ್ಟ್ರೋಕ್, ಬ್ಲಾಕಿನ ಗೋಡೆಯಲ್ಲೇ ಪೋರ್ಟ್‌ಗಳು (ಗಾಳಿ, ಹೊಗೆ ಓಡಾಡೋ ಕಿಂಡಿ) ಇರುತ್ತವೆ. ಪಿಸ್ಟನ್ ಕೆಳಗಿದ್ದರೆ ಅವು ತೆರೆದೇ ಇರುತ್ತವೆ. ಆಗ ಎಷ್ಟು ಎಣ್ಣೆ ಸುರಿದರೂ ಸೈಲೆನ್ಸರ್ ಕಡೆಗೂ ಕ್ರ್ಯಾಂಕ್‌ಕೇಸಿಗೂ ಹರಿದು ಹೋಗುತ್ತೆ. ಹಾಗಿದ್ದರೆ ಹತ್ತಿ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಪಿಸ್ಟನ್ ಅಂಚಿನ ಸುತ್ತ ಒತ್ತಿಡಿ, ದಿನಾ ಎಣ್ಣೆ ಹಾಕುತ್ತಾ ಇರಿ. ಪಿಸ್ಟನ್ ಮೇಲ್ಗಡೆ ಇದ್ದು ಪೋರ್ಟ್ ಮುಚ್ಚಿದ್ದರೆ ಕೆಲಸ ಸುಲಭ. ಎಣ್ಣೆ ತುಂಬಿ ಸುಮ್ನೆ ಬಿಡಿ. ಮಟ್ಟ ಮೆಲ್ಲಗೆ ಇಳಿದರೆ ರಿಂಗ್ ಪಕ್ಕದಿಂದ ಒಳಗೆ ಹೋಗ್ತಿದೆ ಅಂತ ಅರ್ಥ.

ಅಲುಗಾಡಿಸೋ ಮುಂಚೆ ಪಿಸ್ಟನ್‌ಗಿಂತ ಮೇಲೆ ಬ್ಲಾಕಿನ ಗೋಡೆಗೆ ಹತ್ತಿದ ತುಕ್ಕನ್ನು ನುಣುಪು ಎಮೆರಿ ಪೇಪರಿನಿಂದ ತೆಗೆಯಿರಿ. ಇಲ್ಲಾಂದ್ರೆ ಪಿಸ್ಟನ್ ಮೇಲೆ ಬರುವಾಗ ಅಲ್ಲೇ ಮತ್ತೆ ಸಿಕ್ಕಿಕೊಳ್ಳುತ್ತೆ. ಆಮೇಲೆ ಟಾಪ್ ಗೇರ್ ಹಾಕಿ, ಹಿಂದಿನ ಗಾಲಿಯನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಪಿಸ್ಟನ್ ಅರ್ಧದಲ್ಲಿದ್ದರೆ ಮೇಲೊಂದು ಮರದ ತುಂಡಿಟ್ಟು ಹಗುರಾಗಿ ತಟ್ಟಬಹುದು. ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಇದ್ದರೆ ತಟ್ಟಲೇಬೇಡಿ. ಕನೆಕ್ಟಿಂಗ್ ರಾಡ್ ನೆಟ್ಟಗೆ ನಿಂತಿರುತ್ತೆ, ಪೆಟ್ಟೆಲ್ಲಾ ಬೇರಿಂಗಿಗೇ ಬೀಳುತ್ತೆ.

ಸೈಲೆನ್ಸರ್ ನಟ್ಟಿನ ಮೂಲೆಗೆ ಛೇಣಿ ಇಟ್ಟು ಹೊಡೆಯೋದು ನಮ್ಮ ಕಡೆ ಮಾಮೂಲು. ಅದರ ಬದಲು ಹುಕ್ ಪಾನಾ (ತುದಿಯಲ್ಲಿ ಕೊಕ್ಕೆ ಇರೋ ಪಾನಾ) ತಗೊಳ್ಳಿ. ನಟ್ಟನ್ನು ಬಿಸಿ ಮಾಡಿ, ಎಣ್ಣೆ ಹಾಕಿ, ಸ್ವಲ್ಪ ಬಿಗಿ ಮಾಡೋ ಕಡೆಗೆ ತಟ್ಟಿ, ಆಮೇಲೆ ಸಡಿಲ ಮಾಡೋ ಕಡೆಗೆ. ಅದಕ್ಕೂ ಬಗ್ಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ನಟ್ಟನ್ನು ಉದ್ದಕ್ಕೆ ಕೊಯ್ಯಿರಿ. ಥ್ರೆಡ್‌ಗೆ ಕೂದಲೆಳೆಯಷ್ಟು ಉಳಿದಾಗ ನಿಲ್ಲಿಸಿ. ಆ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುವಿದರೆ ಟಕ್ ಅಂತ ಬಿಚ್ಚಿಕೊಳ್ಳುತ್ತೆ. ನಟ್ಟು ಹೋಯ್ತು, ಬ್ಲಾಕಿನ ಥ್ರೆಡ್ ಉಳೀತು.

ಬೀದರ್‌ನಿಂದ

ಕವರಿನ ಸ್ಕ್ರೂಗಳಿಗೆ ಇಂಪ್ಯಾಕ್ಟ್ ಡ್ರೈವರ್ ಒಂದೇ ಮದ್ದು. ಕೈಯಲ್ಲಿ ಹಿಡಿದು ಹಿಂದಿನಿಂದ ಸುತ್ತಿಗೆ ಹೊಡೆಯೋದು, ಕರೆಂಟಿಂದಲ್ಲ. ಪೆಟ್ಟು ಒಳಕ್ಕೂ ಒತ್ತುತ್ತೆ, ತಿರುಗಿಸುತ್ತೆ ಕೂಡ. ಅದಕ್ಕೇ ತಲೆ ಜಾರೋದಿಲ್ಲ. ಕವರು ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಹೆಚ್ಚೂ ಕಡಿಮೆ ಎರಡರಷ್ಟು ಹಿಗ್ಗುತ್ತೆ. ಹಾಟ್ ಏರ್ ಗನ್ನಿನಿಂದ ಕವರನ್ನು ಬಿಸಿ ಮಾಡಿದರೆ ಸಾಕು, ಹಿಡಿತ ಬಿಡುತ್ತೆ. ಬೇರಿಂಗ್ ತೆಗೆಯೋಕೂ ಇದೇ ಸೂತ್ರ. ಕೇಸಿನ ಮೇಲೆ ಒಂದು ಹನಿ ನೀರು ಬಿಟ್ಟಾಗ ಚುರ್ ಅಂದರೆ ಬಿಸಿ ಸಾಕು.

ಬಿಚ್ಚಿದ ಕಬ್ಬಿಣದ ಸಾಮಾನಿಗೆ ಕಾಕಂಬಿ ನೋಡಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಕೆಸರಾಗಿ ಬಿಡುತ್ತೆ. ಅಲ್ಯೂಮಿನಿಯಂ ಮಾತ್ರ ಹಾಕಬೇಡಿ, ತಿಂದುಬಿಡುತ್ತೆ. ಬಕೆಟ್ಟನ್ನು ಹಿತ್ತಲಲ್ಲೇ ಇಡಿ. ಆ ನಾತಕ್ಕೆ ಮನೆಯವರು ಗಾಡಿ, ನೀವು ಎರಡನ್ನೂ ಹೊರಗೆ ಹಾಕ್ತಾರೆ.

ಸೇಡಂನಿಂದ

ಎಲ್ಲರೂ ಎಣ್ಣೆ ಎಣ್ಣೆ ಅಂತಿದ್ದಾರೆ, ಯಾವ ಎಣ್ಣೆ ಅಂತ ಯಾರೂ ಹೇಳಿಲ್ಲವಲ್ಲ? ಡಬ್ಲ್ಯುಡಿ-40 ಮೂಲತಃ ನೀರು ಓಡಿಸೋಕೆ ಮಾಡಿದ್ದು. ಹಳೇ ತುಕ್ಕಿಗೆ ಅದು ಸಾಲದು ಅನ್ನೋದು ನನ್ನ ಅನುಭವ. ಅಸಿಟೋನ್ ಮತ್ತು ಎಟಿಎಫ್ ಎಣ್ಣೆ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋದು) ಸಮಸಮ ಬೆರೆಸಿ ಹಾಕಿ. ಬೇಗ ಬೇರೆಯಾಗುತ್ತೆ, ಪ್ರತಿ ಸಲ ಕುಲುಕಬೇಕು. ಪೇಂಟಿಗೆ ತಾಕಿಸಬೇಡಿ. ಇದನ್ನು ಹಾಕಿದ ಜಾಗಕ್ಕೆ ಬೆಂಕಿ ತೋರಿಸಲೇಬೇಡಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಅಸಿಟೋನ್ ಡಬ್ಬಿ ಹೊರಗಿಡೋದೂ ಬೇಡ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಹಾಕಿದ್ದರೂ ಅಷ್ಟೇ, ಬಿಸಿ ಮಾಡಿದರೆ ವಿಷದ ಗಾಳಿ ಬರುತ್ತೆ.

ಯಾದಗಿರಿಯಿಂದ, ಹಳೇ ಮಿಸ್ತ್ರಿ

ತಮ್ಮಾ, ಬೆಂಕಿ ಹಿಡಿಯೋ ಮೊದಲು ಟ್ಯಾಂಕ್ ಬಿಚ್ಚಿ ದೂರ ಇಡು. ಸ್ವಿಂಗ್ ಆರ್ಮ್ ಬೋಲ್ಟು ಸಾಮಾನ್ಯವಾಗಿ ಒಳಗಿನ ಬುಷ್ಷಿಗೆ ಕಚ್ಚಿಕೊಂಡಿರುತ್ತೆ. ತುದಿಗೆ ನೇರವಾಗಿ ಹೊಡೆದರೆ ಆ ತುದಿಯೇ ಅರಳಿ ತೂತಿನಲ್ಲೇ ಬಿಗಿಯಾಗುತ್ತೆ. ನಟ್ಟನ್ನು ತುದಿ ಸಮಕ್ಕೆ ಬರೋ ಹಾಗೆ ತಿರುಗಿಸಿಟ್ಟು, ಹಿತ್ತಾಳೆ ಸರಳಿಟ್ಟು ಹೊಡಿ. ಮೊದಲು ಬೋಲ್ಟು ತಿರುಗುತ್ತಾ ನೋಡು. ತಿರುಗಿದರೆ ಬಂತು ಅಂತಲೇ ತಿಳಿ. ಇಲ್ಲದಿದ್ದರೆ ಸ್ವಿಂಗ್ ಆರ್ಮ್‌ಗೂ ಫ್ರೇಮಿಗೂ ನಡುವಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಎರಡೂ ಕಡೆ ಕೊಯ್ದು ಹಾಕು. ಬೇಸರದ ಕೆಲಸ, ಆದರೆ ಫ್ರೇಮ್ ಬಾಗೋದಿಲ್ಲ. ನಟ್ಟು ಬಿಸಿ ಇರುವಾಗ ಮೇಣದಬತ್ತಿ ಮುಟ್ಟಿಸು, ಕರಗಿದ ಮೇಣ ಥ್ರೆಡ್ ಒಳಗೆ ಎಳೆದುಕೊಂಡು ಹೋಗುತ್ತೆ. ಇನ್ನೊಂದು ಮಾತು, ಹಳೇ ಬುಲೆಟ್ ಇರೋರು ಇದನ್ನು ಓದಿ ಮಿಲಿಮೀಟರ್ ಪಾನಾ ಹಾಕಬೇಡಿ. ಅವಕ್ಕೆ ಇಂಗ್ಲಿಷ್ ಸೈಜ್.

ಕೇಳಿದವರು, ಚಿತ್ತಾಪುರ

ಎಲ್ಲರಿಗೂ ಥ್ಯಾಂಕ್ಸ್. ಸೈಲೆನ್ಸರ್ ನಟ್ಟು ಒಂದು ಬಿಸಿಗೇ ಬಂತು, ಇನ್ನೊಂದನ್ನು ಕೊಯ್ದೆ. ಪಿಸ್ಟನ್ ಅರ್ಧದಲ್ಲಿದೆ, ಎಣ್ಣೆ ಬಟ್ಟೆ ಇಟ್ಟಿದ್ದೇನೆ. ಆದರೆ ಕ್ರ್ಯಾಂಕ್‌ಕೇಸಿಗೆ ಕೂತ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟು) ಮಟ್ಟಸವಾಗಿ ಮುರಿದಿದೆ. ಮುರಿದ ತುಂಡಿಗೆ ತೂತು ಕೊರೆದು ಕಚ್ಚಿಸಿ ತೆಗೆಯೋ ಈಜಿ-ಔಟ್ ತರಲಾ?

ಕಲಬುರಗಿಯಿಂದ

ಬೇಡ. ಈಜಿ-ಔಟ್ ಗಟ್ಟಿ ಉಕ್ಕು, ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ. ಮುರಿದ ಸ್ಟಡ್ ಮೇಲೆ ಒಂದು ನಟ್ಟಿಟ್ಟು, ನಟ್ಟಿನ ತೂತಿನ ಒಳಗಿಂದ ವೆಲ್ಡಿಂಗ್ ಮಾಡಿಸಿ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂ ಕೇಸಿಗೆ ಅಂಟೋದಿಲ್ಲ, ಆ ಬಿಸಿಯೇ ಅರ್ಧ ಕೆಲಸ ಮಾಡುತ್ತೆ. ತಣ್ಣಗಾದ ಮೇಲೆ ಪಾನಾ ಹಾಕಿ, ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಆಡಿಸುತ್ತಾ ತೆಗೆಯಿರಿ. ಆಗಲಿಲ್ಲಾಂದ್ರೆ ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್, ಡ್ರಿಲ್ಲಿಂಗ್ ಮಶಿನ್ ಇರೋ ಕಡೆ ವಿಚಾರಿಸಿ, ನೆಟ್ಟಗೆ ಕೊರೆದು ಕೊಡ್ತಾರೆ. ಹೋಗುವಾಗ ಕೇಸನ್ನು ಪೂರ್ತಿ ಬಿಚ್ಚಿ, ಬೇರಿಂಗ್ ತೆಗೆದು ಒಯ್ಯಿರಿ. ಲೋಹದ ಪುಡಿ ಒಳಗೆ ಸೇರಬಾರದು.