ಪುಸ್ತಕದಂಗಡಿ ಮುಚ್ಚುವ ಹಾಗೆ ಕಾಣ್ತದೆ, ರಾಜೀನಾಮೆ ಬರೆದುಕೊಡುವುದಾ?

ಸುರತ್ಕಲ್ ಅಕ್ಕ

ಮಂಗಳೂರಿನ ಒಂದು ಮಾಲ್‌ನಲ್ಲಿರುವ ಪುಸ್ತಕದಂಗಡಿಯಲ್ಲಿ ನನಗೆ ಕೆಲಸ. ಬೇರೆ ಊರುಗಳಲ್ಲೂ ಬ್ರಾಂಚ್ ಇರುವ ಕಂಪನಿ, ಹೆಸರು ಬೇಡ. ಸೇರಿ 5 ವರ್ಷ 7 ತಿಂಗಳಾಯಿತು. ಆಗ ಹನ್ನೊಂದು ಜನ ಇದ್ದೆವು, ಈಗ ನಾಲ್ಕು.

ಮೊದಲು ಒಂದು ಶೆಲ್ಫಿನಲ್ಲಿ ಬೆನ್ನು ತೋರಿಸಿಕೊಂಡು ನಲವತ್ತು ಪುಸ್ತಕ ನಿಲ್ಲುತ್ತಿತ್ತು. ಈಗ ಏಳು, ಮುಖ ಹೊರಗೆ ಮಾಡಿ. ಖಾಲಿ ಕಾಣಬಾರದಲ್ಲ. "ಡಿಸ್‌ಪ್ಲೇ ಚಂದ ಮಾಡಿದ್ದೀರಿ" ಅಂತ ಗಿರಾಕಿಗಳು ಹೊಗಳಿ ಹೋಗ್ತಾರೆ! ಹಳೆ ಬಾಕಿ ತೀರಿಸದೆ ಪಬ್ಲಿಷರುಗಳು ಮಾಲು ಕಳಿಸುವುದಿಲ್ಲ. ಉಳಿದ ಜಾಗದಲ್ಲಿ ನೀರಿನ ಬಾಟಲಿ, ಗೊಂಬೆ, ಶಾಲೆ ಬ್ಯಾಗು.

ಕರೆಂಟ್ ಬಿಲ್ ಉಳಿಸಲಿಕ್ಕೆ ಹನ್ನೊಂದರಿಂದ ನಾಲ್ಕರವರೆಗೆ ಎಸಿ ಬಂದ್. ಆಟಿ ತಿಂಗಳ ಮಳೆಯಲ್ಲಿ ನಮ್ಮೂರಲ್ಲಿ ಎಸಿ ಬಂದ್ ಮಾಡಿದರೆ ಎಂತ ಆಗ್ತದೆ ಅಂತ ಬೆಂಗಳೂರಿನ ಹೆಡ್ ಆಫೀಸಿಗೆ ಹೇಗೆ ಗೊತ್ತಾಗಬೇಕು? ಕಾವಲಿ ಬಿಟ್ಟ ನೀರುದೋಸೆಯ ಅಂಚಿನ ಹಾಗೆ ಕವರು ಮೇಲೆ ಸುರುಟಿಕೊಳ್ತದೆ. ದಪ್ಪ ಪುಸ್ತಕದ ಬೆನ್ನಿಗೆ ಹಸಿರು ಬೂಷ್ಟು. ಹಳೆ ಲುಂಗಿ ತುಂಡಿನಲ್ಲಿ ಒರೆಸಿ ಒರೆಸಿ ಕೈಗೆಲ್ಲ ನುಸಿಗುಳಿಗೆ ವಾಸನೆ. ರಾತ್ರಿ ಮಗ ನನ್ನ ಕೈತುತ್ತು ಬೇಡ ಅಂತಾನೆ.

ಇನ್ನೊಂದು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ವಾರಕ್ಕೆ ಇಬ್ಬರಾದರೂ ಯಕ್ಷಗಾನ ಪ್ರಸಂಗ ಪುಸ್ತಕ ಕೇಳಿಕೊಂಡು ಬರ್ತಾರೆ. ಇಲ್ಲಿಯವರೇ ಅಚ್ಚು ಹಾಕಿಸಿದ ತೆಳ್ಳಗಿನ ಪುಸ್ತಕ, ತುಂಬ ಪುಸ್ತಕಗಳಿಗೆ ಬಾರ್‌ಕೋಡೇ ಇಲ್ಲ. ನಮ್ಮ ಸಾಫ್ಟ್‌ವೇರಿಗೆ 978ರಿಂದ ಶುರುವಾಗುವ 13 ಅಂಕಿ ಕೊಡದಿದ್ದರೆ ಅದು ಪುಸ್ತಕವೇ ಅಲ್ಲ. ಮೂರು ಸಲ ಮೇಲ್ ಹಾಕಿದೆ. ಉತ್ತರದ ಬದಲು ಒಂದು ಕಾರ್ಟನ್ ವ್ಯಕ್ತಿತ್ವ ವಿಕಸನ ಬಂತು.

ಈಗ ವಿಷಯಕ್ಕೆ ಬರ್ತೇನೆ. ಸಂಬಳ 18, 20ನೇ ತಾರೀಕಿಗೆ ಬರ್ತಾ ಉಂಟು. ಮೊನ್ನೆ ಮ್ಯಾನೇಜರ್ ನಾಲ್ಕೂ ಜನರಿಗೆ ಟೈಪ್ ಮಾಡಿದ ಒಂದು ಕಾಗದ ಕೊಟ್ಟರು, "ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ" ಅಂತ. ಸಹಿ ಹಾಕಿದರೆ ಬೇಗ ಸೆಟಲ್‌ಮೆಂಟ್ ಅಂತೆ. ಹಂಪನಕಟ್ಟೆಯ ಬಟ್ಟೆ ಅಂಗಡಿಯವರು ಕರೀತಾ ಇದ್ದಾರೆ. ಹಾಕಿ ಮುಗಿಸು ಅಂತ ನಮ್ಮವರು. ಏನಂತೀರಿ?

ಮಣಿಪಾಲದವ

ಅಕ್ಕ, ಸಹಿ ಹಾಕಬೇಡಿ. ನಾನಿದ್ದ ಮೊಬೈಲ್ ಶೋರೂಮ್ ಮುಚ್ಚುವಾಗ ನಾವು ಹಾಕಿ ಕೆಟ್ಟವರು.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು, ನೀವೇ ಬಿಟ್ಟರೂ ಉಂಟು, 5 ವರ್ಷ ದಾಟಿದೆಯಲ್ಲ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷದಿಂದ ಗುಣಿಸುವುದು. ಆರು ತಿಂಗಳ ಮೇಲಾದರೆ ಪೂರ್ತಿ ವರ್ಷ ಲೆಕ್ಕ, ಹಾಗಾಗಿ ನಿಮ್ಮದು 6. ಎರಡೂ ಸೇರಿ 14,000 ಇದ್ದರೆ ಸುಮಾರು 48,460 ರೂಪಾಯಿ.

ಆದರೆ ಅಂಗಡಿ ಮುಚ್ಚಿ ಅವರೇ ತೆಗೆದರೆ ಅದರ ಮೇಲೆ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಲೆಕ್ಕದಲ್ಲಿ ಪರಿಹಾರ. ಆ "ಸ್ವಂತ ಇಚ್ಛೆ" ಎರಡು ಶಬ್ದ ಇರುವುದೇ ಅದನ್ನು ತಪ್ಪಿಸಲಿಕ್ಕೆ. ಕಾಗದ ಹಿಡಿದುಕೊಂಡು ಒಮ್ಮೆ ಲೇಬರ್ ಆಫೀಸಿಗೆ ಹೋಗಿ ಬನ್ನಿ.

ಮತ್ತೆ ಇವತ್ತೇ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡಿ. ಸಂಬಳದಲ್ಲಿ ಕತ್ತರಿಸಿದ್ದನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸ್ಲಿಪ್‌ನಲ್ಲಿ ಕಟ್ ಆಗಿ ಪಾಸ್‌ಬುಕ್‌ನಲ್ಲಿ ಇಲ್ಲದಿದ್ದರೆ ಸ್ಲಿಪ್ ಜೋಪಾನ ಮಾಡಿ.

ಹೆಗಲಚೀಲ

ನಾನು ಉಡುಪಿಯಲ್ಲಿ ಪುಸ್ತಕದ ಏಜೆಂಟ್ ಆಗಿದ್ದವ, ಈಗ ನಿವೃತ್ತ. ತಂಗಿ ಹೇಳಿದ ಎಸಿ ವಿಷಯ ಓದಿ ಹೊಟ್ಟೆ ಉರಿಯಿತು. ಅಂಗಡಿಗೆ ಪುಸ್ತಕ ಹೆಚ್ಚಾಗಿ ಹೋಗುವುದು ಮಾರಾಟವಾಗದಿದ್ದರೆ ವಾಪಸ್ ಅನ್ನುವ ಮಾತಿನ ಮೇಲೆ. ವಾಪಸ್ ಕೊಟ್ಟಷ್ಟು ಬಾಕಿ ಇಳೀತದೆ. ಬೂಷ್ಟು ಹಿಡಿದದ್ದನ್ನು ಯಾವ ಪಬ್ಲಿಷರ್ ತಗೊಳ್ತಾನೆ? ಉಳಿಸಿದ್ದು ಕರೆಂಟು, ಕಳೆದದ್ದು ಇಡೀ ಶೆಲ್ಫು.

ಇನ್ನೊಂದು, ಹೊರಗಿನವರಿಗೆ ಗೊತ್ತಾಗದ್ದು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಸೊನ್ನೆ. ಒಳ್ಳೆಯದೇ ಅಲ್ಲವಾ ಅಂತ ಕಾಣ್ತದೆ. ಆದರೆ ಮಾಲ್‌ನ ಬಾಡಿಗೆಗೆ 18% ಕಟ್ಟಬೇಕು. ಬೇರೆಯವರು ಕಟ್ಟಿದ್ದನ್ನು ಗಿರಾಕಿಯಿಂದ ತಗೊಂಡ ತೆರಿಗೆಯಲ್ಲಿ ಕಳೆದುಕೊಳ್ತಾರೆ, ಅದಕ್ಕೆ ಕ್ರೆಡಿಟ್ ಅನ್ನುವುದು. ತೆರಿಗೆ ಇಲ್ಲದ ಮಾಲು ಮಾರುವವನಿಗೆ ಆ ಪಾಲಿನ ಕ್ರೆಡಿಟ್ ಸಿಗುವುದಿಲ್ಲ, ಕೈಯಿಂದಲೇ ಹೋಗ್ತದೆ. ಬಟ್ಟೆ ಅಂಗಡಿಯವನಿಗೆ ಆ ಕಷ್ಟ ಇಲ್ಲ. ಆನ್‌ಲೈನ್‌ನವರು ಬಿಡುವ ಡಿಸ್ಕೌಂಟನ್ನು ಇದರ ಮೇಲೆ ಸೇರಿಸಿ ನೋಡಿ. ನೀರಿನ ಬಾಟಲಿ ಇಡುವುದು ಸುಮ್ಮನೆ ಅಲ್ಲ ಮಾರಾಯ್ರೆ.

ಕಡಲ ಕರೆ

ಬೇಸರ ಆಯಿತು. 1841ರಲ್ಲಿ ಬಾಸೆಲ್ ಮಿಷನ್ ಪ್ರೆಸ್ ಶುರುವಾದ ಊರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟ ಊರು. ಅಂಥಲ್ಲಿ ಪುಸ್ತಕದಂಗಡಿ ಮುಚ್ಚಬಾರದು. ದಯವಿಟ್ಟು ಹೋರಾಡಿ!

ಸುರತ್ಕಲ್ ಅಕ್ಕ

ಕಡಲ ಕರೆಯವರೇ, ನೀವು ಕೊನೆಯದಾಗಿ ಅಂಗಡಿಯಿಂದ ಪುಸ್ತಕ ತಗೊಂಡದ್ದು ಯಾವಾಗ? ಜಗಳಕ್ಕೆ ಕೇಳಿದ್ದಲ್ಲ. ನಮ್ಮಲ್ಲಿ ಎಸಿ ಇರುವ ಹೊತ್ತಿಗೆ ಬಂದು, ಪುಟ ತಿರುಗಿಸಿ, ಹಿಂಬದಿಯಲ್ಲಿರುವ ಬೆಲೆಯ ಫೋಟೋ ತೆಗೆದು ಹೋಗುವವರೂ ಇದೇ ಮಾತು ಹೇಳ್ತಾರೆ.

ಕಡಲ ಕರೆ

ತಪ್ಪಾಯಿತು ಅಕ್ಕ. ಕಳೆದ ಎರಡೂ ಮೊಬೈಲಲ್ಲೇ ತರಿಸಿದ್ದು.

ಸುರತ್ಕಲ್ ಅಕ್ಕ

ಸೋಮವಾರದ ಸುದ್ದಿ. ಪಾಸ್‌ಬುಕ್ ನೋಡಿದೆ, ಜೂನ್‌ವರೆಗೆ ಸರಿ ಉಂಟು, ಆಮೇಲಿನದು ಖಾಲಿ. ಸ್ಲಿಪ್‌ಗಳನ್ನು ಪ್ರಿಂಟ್ ತೆಗೆದು ಮನೆಯಲ್ಲಿಟ್ಟೆ. ಮ್ಯಾನೇಜರ್ ಹತ್ತಿರ ಹೋಗಿ ಸಹಿ ಹಾಕುವುದಿಲ್ಲ ಅಂದೆ. ಅವರು ಬಾಗಿಲು ಸ್ವಲ್ಪ ಎಳೆದು, "ನಂಗೂ ಅದೇ ಕಾಗದ ಬಂದಿದೆ, ನಾನೂ ಹಾಕಲಿಲ್ಲ" ಅಂದರು. ಇಷ್ಟು ದಿನ ಮೇಲಿನವರ ಜನ ಅಂದುಕೊಂಡು ಅವರ ಹತ್ತಿರ ಸರಿಯಾಗಿ ಮಾತೇ ಆಡಿರಲಿಲ್ಲ ನಾವು. ನಾಡಿದ್ದು ನಾಲ್ಕೂ ಜನ ಲೇಬರ್ ಆಫೀಸಿಗೆ.

ಹೆಗಲಚೀಲದ ಅಣ್ಣನಿಗೆ: ಪ್ರಸಂಗ ಪುಸ್ತಕ ಕೇಳುವ ಅಜ್ಜ ಒಬ್ಬರು ಪ್ರತಿ ಶನಿವಾರ ಬರ್ತಾರೆ. ಉಡುಪಿಯಲ್ಲಿ ಎಲ್ಲಿ ಸಿಗ್ತದೆ ಅಂತ ಹೇಳಿ, ಚೀಟಿಯಲ್ಲಿ ಬರೆದುಕೊಡ್ತೇನೆ.

ಬಟ್ಟೆ ಅಂಗಡಿಯವರಿಗೆ ದಸರಾ ಕಳೆದು ಬರ್ತೇನೆ ಅಂದೆ. ಜನ ಬೇಕಾದದ್ದೇ ದಸರಾಕ್ಕೆ ಅಂತಾರೆ ಅವರು.