ಬಾಡಿ ಲಿಫ್ಟ್ ಆಯ್ತು, ಟೈರ್ ಎಷ್ಟು ದೊಡ್ಡದು ಹಾಕಬಹುದು?

ಹುಲೇಕಲ್ ಹೈದ: ನಂದು 2017ರ ಇಸುಜು ವಿ-ಕ್ರಾಸ್ ಪಿಕಪ್, ಫೋರ್ ಬೈ ಫೋರ್. ಮಳೆಗಾಲದಲ್ಲಿ ತೋಟಕ್ಕೆ ಇಳಿಯೋ ದಾರಿ ಪೂರ್ತಿ ಕೆಂಪು ರಾಡಿ. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಕಾಲುವೆ ಬಿದ್ದಿದೆ, ನಡುವಿನ ದಿಣ್ಣೆ ಅಡಿಗೆ ಕೆರೀತದೆ. ಎರಡು ಇಂಚು ಬಾಡಿ ಲಿಫ್ಟ್ ಮಾಡಿಸಿದ್ದೇನೆ. ಈಗಿರೋದು ಕಂಪನಿ ಟೈರೇ, 245/70 ಆರ್16 (ಅಗಲ 245 ಮಿ.ಮೀ., ಬದಿಯ ಎತ್ತರ ಅದರ ಶೇ. 70, ರಿಮ್ 16 ಇಂಚು). ಅದೇ ರಿಮ್ಮಿಗೆ 265/75 ಆರ್16 ಹಾಕಿದ್ರೆ ತಾಗ್ತದಾ? ಹಾಕಿಸಿದವರು ಇದ್ರೆ ಹೇಳಿ.

ಕಡವಾಡ ಕಿಂಗ್: ಎರಡು ಇಂಚು ಎತ್ತಿಸಿ ಬರೀ 265 ಕೇಳ್ತೀರಲ್ಲ ಸಾಹೇಬ್ರೆ! 285 ಹಾಕಿ. ನನ್ನ ದೋಸ್ತ್ ಗೋವಾ ನಂಬರ್ ಗಾಡಿಗೆ ಹಾಕಿ ಅಣಶಿ ಘಟ್ಟ ಹತ್ತಿಸಿದಾನೆ, ಎಲ್ಲೂ ತಾಗಿಲ್ಲ. ಲಿಫ್ಟ್ ಮಾಡಿದ್ಮೇಲೆ ಕ್ಲಿಯರೆನ್ಸ್ ಬಂತಲ್ಲ, ಮತ್ತೆಂತ ಹೆದರಿಕೆ?

ಕುಮಟೆ ಮೆಕ್ಯಾನಿಕ್: "ಕ್ಲಿಯರೆನ್ಸ್ ಬಂತಲ್ಲ". ಎಲ್ಲಿಂದ ಬಂತು? ಬಾಡಿ ಲಿಫ್ಟ್ ಅಂದ್ರೆ ಚಾಸಿಗೂ ಕ್ಯಾಬಿನ್ನಿಗೂ ನಡುವೆ ಸ್ಪೇಸರ್ ಇಟ್ಟು ಉದ್ದದ ಬೋಲ್ಟ್ ಬಿಗಿಯೋದು, ಅಷ್ಟೇ. ಚಾಸಿ, ಆಕ್ಸಲ್, ಡಿಫರೆನ್ಶಿಯಲ್ (ಆಕ್ಸಲ್ಲಿನ ಗೇರ್ ಉಂಡೆ) ಎಲ್ಲ ಇದ್ದಲ್ಲೇ ಇರ್ತವೆ. ದಿಣ್ಣೆಗೆ ಕೆರೆಯೋದು ಡಿಫರೆನ್ಶಿಯಲ್ಲು, ಕ್ಯಾಬಿನ್ ಅಲ್ಲ. ಲೆಕ್ಕ ಹಾಕಿ: ಈಗಿನ ಟೈರ್ ಎತ್ತರ 749 ಮಿ.ಮೀ., 265/75ದು 804. ಆ ವ್ಯತ್ಯಾಸದ ಅರ್ಧ ಮಾತ್ರ ಆಕ್ಸಲ್ಲಿಗೆ ಸಿಗೋದು, ಅಂದ್ರೆ 27 ಮಿ.ಮೀ. ಆ 27 ಕೊಟ್ಟಿದ್ದು ಟೈರು. ಲಿಫ್ಟ್ ಕೊಟ್ಟಿದ್ದು ಮಡ್‌ಗಾರ್ಡಿನ ಕೆಳಗೆ ಜಾಗ. ಆದ್ರೆ ಅಗಲ ಟೈರ್ ಒಳಗಡೆ ಅಪ್ಪರ್ ಆರ್ಮ್‌ಗೆ (ಚಕ್ರ ಹಿಡಿಯೋ ಮೇಲಿನ ಸಸ್ಪೆನ್ಶನ್ ತೋಳು) ತಾಗೋ ಹಾಗಿದ್ರೆ ಲಿಫ್ಟಿಂದ ಅದೇನೂ ತಪ್ಪೋದಿಲ್ಲ, ಆರ್ಮ್ ಇರೋದು ಚಾಸಿಗೆ. ಹೈದನವರೇ, ಸ್ಟೇರಿಂಗ್ ಶಾಫ್ಟ್ ಉದ್ದ ಮಾಡಿದಾರಾ? ರೇಡಿಯೇಟರ್ ಫ್ಯಾನಿನ ಕವರ್ ಇಳಿಸಿದಾರಾ? ಹಿಂದಿನ ಲೋಡ್ ಬಾಡಿನೂ ಎತ್ತಿದಾರಾ?

ಕಾನೂನು ಕಾಕಾ: ಅದಕ್ಕಿಂತ ಮೊದಲು, ಎತ್ತಿಸೋಕೆ ಅನುಮತಿ ಯಾರು ಕೊಟ್ಟರು? 1988ರ ಮೋಟಾರು ವಾಹನ ಕಾಯ್ದೆ, 52ನೇ ಕಲಂ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು: ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ.

ಕಡವಾಡ ಕಿಂಗ್: ಕಾಕಾ, ನನ್ನ ಆರ್‌ಸಿ ಕಾರ್ಡಿನ ಎರಡೂ ಬದಿ ಓದಿದೆ, ಟೈರ್ ಸೈಜ್ ಬರೆದೇ ಇಲ್ಲ. ಬರೆಯದೇ ಇದ್ದದ್ದು ಬದಲಾಗೋದು ಹ್ಯಾಗೆ?

ಕಾನೂನು ಕಾಕಾ: ನಾನು ಹೇಳಿದ್ದು "ಕಂಪನಿ ಕೊಟ್ಟ ಮೂಲ ವಿವರ". ಓದೋದಿದ್ರೆ ಪೂರ್ತಿ ಓದಿ.

ಅಡಿಕೆಮರ: ಈ ಲಿಫ್ಟು, 265 ಎಲ್ಲ ಎಂತಕ್ಕೆ ಮಾರಾಯ್ರೆ? ನಮ್ಮನೆ ಹಳೇ ಜೀಪಿಗೆ 6.00-16 ಟೈರ್, ಸಪೂರ. ಮೇಲಿನ ರಾಡಿ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡೀತದೆ. ಅಗಲದ ಟೈರ್ ರಾಡಿ ಮೇಲೆ ತೇಲ್ತದೆ, ತೇಲಿದ್ದು ಜಾರ್ತದೆ. ಆಷಾಢದಲ್ಲಿ ಹಿಂದಿನ ಎರಡಕ್ಕೆ ಚೈನ್ ಕಟ್ಟಿದ್ರೆ ಕೆಲಸ ಮುಗೀತು. ಗೊಬ್ಬರದ ಚೀಲ ತುಂಬಿಕೊಂಡು ಹತ್ತುತ್ತದೆ.

ಕಡವಾಡ ಕಿಂಗ್: ಚೈನಾ! ಯಾವ ಕಾಲದಲ್ಲಿದ್ದೀರಿ? ಹೊಸ ಡಾಂಬರು ಹಾಕಿದ ವರ್ಷಕ್ಕೇ ಎದ್ದು ಹೋಗೋದು ಯಾಕೆ ಅಂತ ಈಗ ಗೊತ್ತಾಯ್ತು.

ಅಡಿಕೆಮರ: ಡಾಂಬರು ಸಿಕ್ಕಲ್ಲಿ ಬಿಚ್ತೇವೆ. ಕೊಕ್ಕೆ ತಪ್ಪಿಸಿದ್ರೆ ಚೈನ್ ನೆಲಕ್ಕೆ, ಗಾಡಿ ಒಂದು ಮಾರು ಮುಂದೆ ತಗೊಂಡ್ರೆ ಆತು. ನೀವು ಕಟ್ಟಿ ನೋಡಿದ್ರೆ ತಾನೇ ಬಿಚ್ಚೋದು ಗೊತ್ತಿರೋದು.

ಕಡವಾಡ ಕಿಂಗ್: ಯಾರೂ ಬಿಚ್ಚೋದಿಲ್ಲ. ಯಲ್ಲಾಪುರ ಪೇಟೆ ಒಳಗೇ ಝಣಝಣ ಮಾಡ್ಕೊಂಡು ಹೋಗೋ ಜೀಪ್ ಕಣ್ಣಾರೆ ನೋಡಿದ್ದೇನೆ.

ಅಡಿಕೆಮರ: ಒಂದು ಜೀಪ್ ನೋಡಿ ಘಟ್ಟದ ಮೇಲಿನವರನ್ನೆಲ್ಲ ಅಳೀಬೇಡಿ. ನಿಮಗೆ ಕರಾವಳಿಯವರಿಗೆ ಮರಳು ಗೊತ್ತು, ರಾಡಿ ಗೊತ್ತಿಲ್ಲ.

ಕಡವಾಡ ಕಿಂಗ್: ಮರಳಾದ್ರೂ ಗೊತ್ತಲ್ಲ! ನಿಮ್ಮ ಸಪೂರ ಟೈರ್ ಜೀಪ್ ಮಾಜಾಳಿ ಮರಳಿಗೆ ಇಳಿಸಿ. ಆಕ್ಸಲ್ ಮಟ ಹೂತು ಹೋಗ್ತದೆ, ಎಳಿಯೋಕೆ ನನ್ನನ್ನೇ ಕರೀಬೇಕು.

ಅಡಿಕೆಮರ: ಅವರು ಕೇಳಿದ್ದು ತೋಟದ ದಾರಿ. ಹುಲೇಕಲ್ ಬದಿಗೆ ಸಮುದ್ರ ಯಾವಾಗ ಬಂತು?

ಜೋಯ್ಡಾ ಜೀಪ್: "ಆಕ್ಸಲ್ ಮಟ ಹೂತು ಹೋಗ್ತದೆ" ಅಂದ್ರಿ. ಗಾಳಿ ಇಳಿಸದಿದ್ರೆ 285 ಕೂಡ ಹೂತೇ ಹೋಗ್ತದೆ. ಮರಳಿಗೆ 18 ಪಿಎಸ್‌ಐಗೆ ಇಳಿಸಿ, ಟೈರಿನ ಹೆಜ್ಜೆ ಉದ್ದ ಆಗ್ತದೆ, ಸಪೂರ ಟೈರೂ ದಾಟ್ತದೆ. ಡಾಂಬರಿಗೆ ಹತ್ತೋ ಮೊದಲು ಮತ್ತೆ ತುಂಬಿಸ್ಕೊಳ್ಳಿ. ಇದಕ್ಕೆ ಟೈರ್ ಅಂಗಡಿಗೆ ದುಡ್ಡು ಸುರಿಯೋದು ಬೇಡ.

ಕಡವಾಡ ಕಿಂಗ್: ಗಾಳಿ ತುಂಬಿಸೋ ಪಂಪ್ ಪುಕ್ಕಟೆ ಬರ್ತದಾ?

ಅಡಿಕೆಮರ: ಜೋಯ್ಡಾದವರೇ, ರಾಡೀಲಿ ಗಾಳಿ ಇಳಿಸಿದ್ರೆ ಕಲ್ಲಿನ ಅಂಚಿಗೆ ಟೈರ್ ಬದಿ ಹರಿದು ಹೋಗ್ತದೆ. ನಮ್ಮಲ್ಲಿ ರಾಡಿ ಒಳಗೆ ಚಿರೇಕಲ್ಲಿನ ತುಂಡು ಇರ್ತದೆ.

ಕುಮಟೆ ಮೆಕ್ಯಾನಿಕ್: ನಾನು ಕೇಳಿದ ಮೂರು ಪ್ರಶ್ನೆಗೆ ಉತ್ತರ ಇಲ್ಲ, ಚೈನು ಮರಳಿನ ಜಗಳ ಶುರುವಾಯ್ತು.

ಹುಲೇಕಲ್ ಹೈದ: ಸಾರಿ, ತೋಟದಲ್ಲಿ ನೆಟ್‌ವರ್ಕ್ ಇರ್ಲಿಲ್ಲ. ಮಡ್‌ಗಾರ್ಡಿನ ಕೆಳಗೆ ಜಾಗ ಇದೆ ಅಂದ್ರಲ್ಲ, ಹಾಗಾದ್ರೆ 265 ಕೂರ್ತದೆ ಅಂತಾಯ್ತು, ಥ್ಯಾಂಕ್ಸ್. ಲೋಡ್ ಬಾಡಿ ಎತ್ತಿಲ್ಲ, ಕ್ಯಾಬಿನ್ ಮಾತ್ರ ಎತ್ತಿದ್ದು. ಸ್ಟೇರಿಂಗ್‌ದು ಅವರು ಏನೂ ಹೇಳಿಲ್ಲ. ಪೂರ್ತಿ ಬಲಕ್ಕೆ ತಿರುಗಿಸಿದ್ರೆ ಒಂದು ಸಣ್ಣ ಕಟಕ್ ಅಂತದೆ, ಹೊಸದರಲ್ಲಿ ಹಾಗೇ ಅಂದ್ರು.

ಕುಮಟೆ ಮೆಕ್ಯಾನಿಕ್: ಹಾಗೇ ಅಲ್ಲ! ಕ್ಯಾಬಿನ್ ಮೇಲೆ ಹೋದಾಗ ಸ್ಟೇರಿಂಗ್ ಕಾಲಮ್ಮೂ ಅದರ ಜೊತೆ ಹೋಗ್ತದೆ, ಕೆಳಗಿನ ಬಾಕ್ಸ್ ಚಾಸಿಯಲ್ಲೇ ಉಳೀತದೆ. ನಡುವಿನ ಶಾಫ್ಟ್ ಒಂದರೊಳಗೊಂದು ಜಾರಿ ಉದ್ದ ಆಗಿರ್ತದೆ. ಒಳಗೆ ಹಲ್ಲು ಇನ್ನೂ ಎಷ್ಟು ಕಚ್ಚಿಕೊಂಡಿದೆ ನೋಡದೆ ದೇವಿಮನೆ ಘಟ್ಟ ಇಳೀಬೇಡಿ. ಬೇರೆ ಕಡೆ ಎತ್ತಿಸಿದ ಕಾರವಾರದ ಗಾಡಿಯೊಂದು ನನ್ನ ಹತ್ರ ಬಂದಿತ್ತು. ಉಪ್ಪುಗಾಳಿಗೆ ಕ್ಯಾಬಿನ್ ಕೂರಿಸೋ ಮೌಂಟಿನ ಬೋಲ್ಟ್ ತುಕ್ಕು ಹಿಡಿದು, ಬಿಚ್ಚೋವಾಗ ತಲೆ ತುಂಡಾಗಿದೆ. ಆ ಮೂಲೆಗೆ ಬೋಲ್ಟೇ ಇಲ್ಲ, ಮೇಲೆ ರಬ್ಬರ್ ಮುಚ್ಚಿ ಬಣ್ಣ ಬಳಿದು ಕಳಿಸಿದಾರೆ. ನಿಮ್ಮದು ಎಲ್ಲ ಮೂಲೆನೂ ಕೈ ಹಾಕಿ ಮುಟ್ಟಿ ನೋಡಿ. ಲೋಡ್ ಬಾಡಿ ಎತ್ತದಿದ್ರೆ ಹಿಂದಿನ ಚಕ್ರಕ್ಕೆ ಹೊಸ ಜಾಗ ಏನೂ ಸಿಕ್ಕಿಲ್ಲ, ಅದೂ ತಲೇಲಿರ್ಲಿ. ಸ್ಪೀಡ್ ಮೀಟರ್ ಕೂಡ ಸುಳ್ಳು ಹೇಳ್ತದೆ: ಈಗ ಸರಿಯಾಗಿದೆ ಅಂದ್ಕೊಂಡ್ರೂ, 265/75 ಹಾಕಿದ್ಮೇಲೆ 80 ತೋರಿಸಿದಾಗ ನಿಜವಾಗಿ 86 ಇರ್ತದೆ.

ಕಾನೂನು ಕಾಕಾ: "86 ಇರ್ತದೆ". ಹೆದ್ದಾರಿ 66ರಲ್ಲಿ 80ರ ಬೋರ್ಡ್ ಇರೋ ಕಡೆ ಹಿಡಿದ್ರೆ ಮೀಟರ್ ತೋರಿಸಿ ವಾದ ಮಾಡ್ತೀರಾ? ಅಪಘಾತ ಆದ್ರೆ ವಿಮೆಯವರು ಮೊದಲು ನೋಡೋದೇ ಇಂಥದ್ದನ್ನ.

ಕಡವಾಡ ಕಿಂಗ್: ಮೆಕ್ಯಾನಿಕ್‌ರೇ, ಕಾರವಾರದ ಗಾಡಿ ತುಕ್ಕು ಅಂತ ಎಲ್ಲದಕ್ಕೂ ಕಾರವಾರ ಯಾಕೆ ಎಳೀತೀರಿ? ಕುಮಟೆಯಲ್ಲಿ ಸಮುದ್ರ ಇಲ್ವಾ?

ಕುಮಟೆ ಮೆಕ್ಯಾನಿಕ್: ಇದೆ. ನಿಮ್ಮ 285/75 ಲೆಕ್ಕನೂ ಹೇಳ್ತೇನೆ, ಕೇಳಿ. ಎತ್ತರ 834 ಮಿ.ಮೀ., ಸುಮಾರು 33 ಇಂಚು. ಈಗಿನದಕ್ಕಿಂತ 40 ಮಿ.ಮೀ. ಅಗಲ, ಅದೇ ರಿಮ್ಮಲ್ಲಿ ಅದರ ಅರ್ಧ ಒಳಗಡೆಗೆ. 2.5 ಲೀಟರ್ ಎಂಜಿನ್ ಇದನ್ನ ಹೊತ್ತು ಘಟ್ಟ ಹತ್ತೋವಾಗ ಗೇರ್ ಇಳಿಸಿ ಇಳಿಸಿ ಕೈ ಸೋಲ್ತದೆ. ನಿಮ್ಮ ದೋಸ್ತ್ ಸ್ಟೇರಿಂಗ್ ಪೂರ್ತಿ ತಿರುಗಿಸಿಯೇ ಇರ್ಲಿಕ್ಕಿಲ್ಲ.

ಕಡವಾಡ ಕಿಂಗ್: ಘಟ್ಟದಲ್ಲಿ ಪೂರ್ತಿ ತಿರುಗಿಸ್ದೆ ನೇರ ಹೋಗ್ತಾರಾ? ಗ್ಯಾರೇಜಲ್ಲಿ ಕೂತು ಲೆಕ್ಕ ಹಾಕೋದು ಸುಲಭ.

ಕುಮಟೆ ಮೆಕ್ಯಾನಿಕ್: ಸರಿ, ಹಾಕ್ಕೊಳ್ಳಿ. ನಂಗೆ ಅಂಗಡಿ ಬಾಗಿಲು ತೆಗೀಬೇಕು.

ಅಡಿಕೆಮರ: ಅಗಲ ಟೈರ್ ಹಾಕಿದವರ ಗಾಡಿಯನ್ನ ನಮ್ಮ ಜೀಪ್ ಎಳೆದು ತಂದ ಫೋಟೋ ಇದೆ. ಹಾಕ್ಲಾ?

ಕಡವಾಡ ಕಿಂಗ್: ಹಾಕಿ, ಚೈನ್ ಬಿಚ್ಚಿದ ಫೋಟೋನೂ ಜೊತೆಗೆ ಹಾಕಿ.

ಹುಲೇಕಲ್ ಹೈದ: 265/75 ಆರ್ಡರ್ ಕೊಟ್ಟಾಯ್ತು, ಹುಬ್ಬಳ್ಳಿಯಿಂದ ಬರ್ತದೆ. ಶಾಫ್ಟ್ ಈ ಭಾನುವಾರ ನೋಡಿಸ್ತೇನೆ. ಅಡಿಕೆಮರದವರೇ, ಆ ಸೈಜಿಗೆ ಚೈನ್ ಎಲ್ಲಿ ಸಿಕ್ತದೆ?

ಅಡಿಕೆಮರ: ಚೈನ್ ಮಾಡಿಸಬಹುದು. ಆದ್ರೆ 265 ಮೇಲೆ ಚೈನ್ ಕಟ್ಟಿದ್ರೆ ಹಿಂದೆ ಒಳಬದಿ ಬಡೀತದೆ, ಮೊದಲು ಆ ಲೋಡ್ ಬಾಡಿ ಎತ್ತಿಸಿ.

ಕಡವಾಡ ಕಿಂಗ್: ಎತ್ತಿಸೋದೇ ಆದ್ರೆ ಮೂರು ಇಂಚು ಎತ್ತಿಸಿ, 285 ಕೂರ್ತದೆ.

ಕಾನೂನು ಕಾಕಾ: ಅದು ಎರಡನೇ ಮಾರ್ಪಾಡು. ಇನ್ನೊಂದು 5,000.