ಬಿಲ್ಡ್ ಸರ್ವರಿನಲ್ಲಿ ಯಾರ ಪ್ರೈವೇಟ್ ಕೀ ಇಡಬೇಕು?

ಪ್ರಶ್ನೆ, ಕುಶಾಲನಗರದಿಂದ:

ಕಾಫಿ ತೋಟಗಳ ಲೆಕ್ಕಪತ್ರಕ್ಕೆ ತಂತ್ರಾಂಶ ಮಾಡುವ ನಮ್ಮ ಸಣ್ಣ ಕಚೇರಿಯಲ್ಲಿ ಕೋಡನ್ನು ತಾನಾಗಿಯೇ ತಂದು ತಂತ್ರಾಂಶವಾಗಿ ಕಟ್ಟುವ ಒಂದು ಜೆಂಕಿನ್ಸ್ ಬಿಲ್ಡ್ ಸರ್ವರ್ ಇದೆ. ಗಿಟ್‌ಹಬ್ ತಾಣದಲ್ಲಿರುವ ಮೂರು ಖಾಸಗಿ ರೆಪೊಸಿಟರಿಗಳಿಂದ (ಕೋಡ್ ಸಂಗ್ರಹಗಳಿಂದ) ಅದು ಕೋಡ್ ತೆಗೆದುಕೊಳ್ಳುವುದು ಸಹೋದ್ಯೋಗಿಯೊಬ್ಬರ ಸ್ವಂತ ಎಸ್‌ಎಸ್‌ಎಚ್ ಕೀಯಿಂದ, ಅಂದರೆ ಪಾಸ್‌ವರ್ಡಿನ ಬದಲು ಗುರುತು ತೋರಿಸುವ ಪ್ರೈವೇಟ್ ಕೀ ಫೈಲಿನಿಂದ. ಅವರು ಸದ್ಯದಲ್ಲೇ ಕೆಲಸ ಬಿಡುತ್ತಿದ್ದಾರೆ. ಹೊಸ ಕೀಗೆ ಪಾಸ್‌ಫ್ರೇಸ್ (ಕೀ ಬಳಸಲು ಟೈಪ್ ಮಾಡಬೇಕಾದ ಗುಪ್ತಪದ) ಇಟ್ಟರೆ ರಾತ್ರಿಯ ಬಿಲ್ಡ್ ನಿಲ್ಲುತ್ತದೆ, ಇಡದಿದ್ದರೆ ಭಯ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ವಿರಾಜಪೇಟೆಯಿಂದ:

ಪಾಸ್‌ಫ್ರೇಸಿಗಿಂತ ಮೊದಲು ಕೀ ಯಾರದ್ದು ಎಂಬುದು ಇತ್ಯರ್ಥವಾಗಬೇಕು. ವ್ಯಕ್ತಿಯ ಕೀ ಸರ್ವರಿನಲ್ಲಿದ್ದರೆ, ಆ ವ್ಯಕ್ತಿಗೆ ಎಲ್ಲೆಲ್ಲಿ ಬರೆಯುವ ಅಧಿಕಾರವಿದೆಯೋ ಅಷ್ಟೂ ಅಧಿಕಾರ ಸರ್ವರಿಗೂ, ಸರ್ವರಿಗೆ ನುಗ್ಗಿದವನಿಗೂ ದೊರೆಯುತ್ತದೆ. ತೋಟದ ಗೇಟಿನ ಬೀಗದ ಕೈಯನ್ನು ರೈಟರಿಗೆ (ತೋಟದ ಗುಮಾಸ್ತರಿಗೆ) ಕೊಡುತ್ತೇವೆಯೇ ಹೊರತು ಮನೆಯ ಬೀರುವಿನದನ್ನಲ್ಲ. ಗಿಟ್‌ಹಬ್‌ನ ಡಿಪ್ಲಾಯ್ ಕೀ ಒಂದೇ ರೆಪೊಸಿಟರಿಗೆ ಸೇರಿರುತ್ತದೆ, ನೀವಾಗಿ ಬರೆಯುವ ಅನುಮತಿ ಕೊಡದಿದ್ದರೆ ಓದುವುದಕ್ಕಷ್ಟೇ ಸೀಮಿತವಾಗಿರುತ್ತದೆ, ಸೇರಿಸಿದವರು ಹೊರಹೋದರೂ ಕೆಲಸ ಮಾಡುತ್ತಲೇ ಇರುತ್ತದೆ.

ಒಂದೇ ಕೀಯನ್ನು ಎರಡನೆಯ ರೆಪೊಸಿಟರಿಗೆ ಸೇರಿಸಲು ಗಿಟ್‌ಹಬ್ ಬಿಡುವುದಿಲ್ಲವಾದ್ದರಿಂದ ನಿಮಗೆ ಮೂರು ಬೇಕು. ಎಡ್‌25519 ಎಂಬ ಬಗೆಯ ಕೀಗಳನ್ನೇ ಮಾಡಿಕೊಳ್ಳಿ. ಜನರು ಎಡವುವುದು ಇಲ್ಲಿಯೇ. ಏಜೆಂಟಿನಲ್ಲಿ (ಕೀಗಳನ್ನು ನೆನಪಿನಲ್ಲಿಟ್ಟು ಎಸ್‌ಎಸ್‌ಎಚ್‌ಗೆ ಒದಗಿಸುವ ಪ್ರೋಗ್ರಾಮಿನಲ್ಲಿ) ಮೂರೂ ಕೀಗಳಿದ್ದರೆ ಎಸ್‌ಎಸ್‌ಎಚ್ ಮೊದಲು ಸಿಕ್ಕಿದ್ದನ್ನು ಮುಂದಿಡುತ್ತದೆ, ಅದು ಬೇರೊಂದು ರೆಪೊಸಿಟರಿಯ ಕೀಯಾಗಿದ್ದರೂ ಗಿಟ್‌ಹಬ್ ಗುರುತಿಸಿ ಒಳಬಿಡುತ್ತದೆ, ಆಮೇಲೆ ನೀವು ಕೇಳಿದ ರೆಪೊಸಿಟರಿಯೇ ಇಲ್ಲವೆಂದು ಉತ್ತರಿಸುತ್ತದೆ. ಕೀ ಸರಿಯಾಗಿಯೇ ಇರುವುದರಿಂದ ದೋಷವನ್ನು ಎಲ್ಲೆಲ್ಲೋ ಹುಡುಕುತ್ತಾ ಕೂರಬೇಕಾಗುತ್ತದೆ. ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲಿನಲ್ಲಿ ಪ್ರತಿ ರೆಪೊಸಿಟರಿಗೂ ಬೇರೆ ಹೋಸ್ಟ್ ಹೆಸರು ಕೊಟ್ಟು, ಅದರ ಕೀ ಫೈಲನ್ನು ಸೂಚಿಸಿ, ‘ಐಡೆಂಟಿಟೀಸ್‌ಓನ್ಲಿ ಯೆಸ್’ (ಸೂಚಿಸಿದ ಕೀಯನ್ನಷ್ಟೇ ಬಳಸು) ಎಂದು ಸೇರಿಸಿದರೆ ಈ ಗೊಂದಲವಿರದು. ಜೆಂಕಿನ್ಸ್‌ನ ಕ್ರೆಡೆನ್ಶಿಯಲ್‌ಗಳಲ್ಲಿ (ಗುಟ್ಟಿನ ಕೀಗಳನ್ನಿಡುವ ಜಾಗದಲ್ಲಿ) ಮೂರನ್ನೂ ಬೇರೆಬೇರೆಯಾಗಿ ಇಟ್ಟು, ಪ್ರತಿ ಜಾಬಿಗೂ ಅದರದ್ದನ್ನೇ ಆರಿಸಿದರೂ ಆಯಿತು.

ಇನ್ನು ಪಾಸ್‌ಫ್ರೇಸ್. ಅದನ್ನು ಅದೇ ಸರ್ವರಿನ ಸ್ಕ್ರಿಪ್ಟಿನಲ್ಲಿ ಬರೆದಿಟ್ಟರೆ ರಕ್ಷಣೆ ಏನೂ ಹೆಚ್ಚುವುದಿಲ್ಲ. ಓದಲು ಮಾತ್ರ ಬರುವ ಕೀಯನ್ನು ಪಾಸ್‌ಫ್ರೇಸ್ ಇಲ್ಲದೆ, ಬಿಲ್ಡ್ ಬಳಕೆದಾರನೊಬ್ಬನೇ ಓದುವಂತೆ 600ರ ಅನುಮತಿಯಲ್ಲಿ ಇಡುವುದೇ ಪ್ರಾಮಾಣಿಕ ದಾರಿ ಎಂದು ನನ್ನ ಅಭಿಪ್ರಾಯ. ಜೆಂಕಿನ್ಸ್ ಕ್ರೆಡೆನ್ಶಿಯಲ್‌ಗಳನ್ನು ಎನ್‌ಕ್ರಿಪ್ಟ್ ಮಾಡುತ್ತದೆ ನಿಜ, ಆದರೆ ಅದನ್ನು ಬಿಡಿಸುವ ಕೀ ಅದೇ ಯಂತ್ರದ ‘ಸೀಕ್ರೆಟ್ಸ್’ ಫೋಲ್ಡರಿನಲ್ಲಿಯೇ ಇರುತ್ತದೆ.

ಗೋಣಿಕೊಪ್ಪದಿಂದ:

ತಂತ್ರಾಂಶವನ್ನು ಪದರಪದರವಾದ ‘ಇಮೇಜ್’ ಆಗಿ ಕಟ್ಟುವ ಡಾಕರ್ ಬಳಸುತ್ತೀರಾದರೆ ಕೀಯನ್ನು ಇಮೇಜಿನೊಳಗೆ ಕಾಪಿ ಮಾಡಬೇಡಿ. ಮುಂದಿನ ಸಾಲಿನಲ್ಲಿ ಅಳಿಸಿದರೂ ಹಿಂದಿನ ಪದರದಲ್ಲಿ ಅದು ಉಳಿದಿರುತ್ತದೆ. ಡಾಕರಿನ ಬಿಲ್ಡ್‌ಕಿಟ್‌ನಲ್ಲಿ ಎಸ್‌ಎಸ್‌ಎಚ್ ಮೌಂಟ್ ಇರುವುದೇ ಇದಕ್ಕೆ, ಕೀಯನ್ನು ಇಮೇಜಿನಲ್ಲಿ ಉಳಿಸದೆ ಬಳಸುವುದಕ್ಕೆ.

ಮಡಿಕೇರಿಯಿಂದ:

ವಿರಾಜಪೇಟೆಯವರ ಮಾತಿಗೆ ಎರಡು ಸಂಗತಿ ಸೇರಿಸುತ್ತೇನೆ. ಗಿಟ್‌ಹಬ್‌ನ ಹೋಸ್ಟ್ ಕೀಯನ್ನೂ (ಎದುರಿಗಿರುವುದು ನಿಜವಾದ ಗಿಟ್‌ಹಬ್ಬೇ ಎಂದು ತೋರಿಸುವ ಕೀಯನ್ನೂ) ಪರೀಕ್ಷಿಸಬೇಕು. 2023ರ ಮಾರ್ಚ್ 24ರಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಯನ್ನು, ಅದರ ಖಾಸಗಿ ಭಾಗ ಸ್ವಲ್ಪ ಹೊತ್ತು ಸಾರ್ವಜನಿಕ ರೆಪೊಸಿಟರಿಯೊಂದರಲ್ಲಿ ಬಯಲಾಗಿದ್ದರಿಂದ, ಬದಲಿಸಿತು. ಹಳೆಯದನ್ನು ನೆಚ್ಚಿದ್ದ ಬಿಲ್ಡ್‌ಗಳು ಎಚ್ಚರಿಕೆ ಕೊಟ್ಟು ನಿಂತವು; ನಿಲ್ಲಬೇಕಾದದ್ದೇ. ಬೇಸತ್ತು ಈ ಪರೀಕ್ಷೆಯನ್ನೇ ನಿಲ್ಲಿಸಿಬಿಡುವವರಿದ್ದಾರೆ, ಹಾಗೆ ಮಾಡದೆ ಗಿಟ್‌ಹಬ್ ಪ್ರಕಟಿಸಿರುವ ಕೀಗಳನ್ನು ಸರ್ವರಿನ ‘ನೋನ್ ಹೋಸ್ಟ್ಸ್’ (ನಂಬಬಹುದಾದ ಹೋಸ್ಟ್ ಕೀಗಳ ಪಟ್ಟಿ) ಫೈಲಿಗೆ ಹಾಕಿಡಿ.

ಎರಡನೆಯದು ನಮ್ಮ ಮಳೆಗಾಲದ ಮಾತು. ಮರ ಬಿದ್ದು ಕರೆಂಟೂ ನೆಟ್ಟೂ ಹೋದ ದಿನ ಕೀ ಕಳವಾದ ಸಂಶಯ ಬಂದರೆ ಸರ್ವರನ್ನು ಮುಟ್ಟಲಾಗುವುದಿಲ್ಲ. ಮುಟ್ಟಬೇಕಾಗಿಯೂ ಇಲ್ಲ, ಗಿಟ್‌ಹಬ್ ಕಡೆಯಿಂದ ಡಿಪ್ಲಾಯ್ ಕೀ ಅಳಿಸಿದರೆ ಸಾಕು. ಆದ್ದರಿಂದ ಆಡಳಿತದ ಅಧಿಕಾರ ಇಬ್ಬರಿಗಿರಲಿ, ಒಬ್ಬರು ಮೈಸೂರು ಕಡೆ ಇದ್ದರೆ ಇನ್ನೂ ಒಳ್ಳೆಯದು. ಇಂಥ ಕೀಗಳಿಗೆ ಬ್ಯಾಕಪ್ಪೂ ಬೇಡ. ಸರ್ವರ್ ಹಾಳಾದರೆ ಹೊಸದನ್ನು ಮಾಡಿ ಸೇರಿಸುವುದು ಕೆಲವೇ ನಿಮಿಷಗಳ ಕೆಲಸ.

ಕುಶಾಲನಗರದಿಂದ:

ಎಲ್ಲರಿಗೂ ಧನ್ಯವಾದ. ಹಳೆಯ ಕೀಯನ್ನು ಮೊದಲು ತೆಗೆಯಬೇಕೇ, ಹೊಸದನ್ನು ಸೇರಿಸಿದ ಮೇಲೆಯೇ?

ವಿರಾಜಪೇಟೆಯಿಂದ:

ಸೇರಿಸಿದ ಮೇಲೆ. ಪ್ರತಿ ರೆಪೊಸಿಟರಿಗೂ ಹೊಸ ಕೀಯಿಂದ ‘ಗಿಟ್ ಎಲ್‌ಎಸ್-ರಿಮೋಟ್’ ಆಜ್ಞೆ ಓಡಿಸಿ ರೆಪೊಸಿಟರಿ ಸಿಗುತ್ತದೆಯೇ ನೋಡಿ, ಒಂದು ರಾತ್ರಿಯ ಬಿಲ್ಡ್ ಮುಗಿಯಲಿ, ಅನಂತರ ಹಳೆಯ ಫೈಲನ್ನು ಸರ್ವರಿನಿಂದಲೂ ಅದರ ಬ್ಯಾಕಪ್‌ಗಳಿಂದಲೂ ಅಳಿಸಿ. ಸಹೋದ್ಯೋಗಿಯ ಖಾತೆಯಲ್ಲಿರುವ ಕೀಯನ್ನು ಅವರೇ ತೆಗೆಯಬೇಕಾದ್ದರಿಂದ, ಅವರು ಕೆಲಸ ಬಿಡುವ ಮುನ್ನವೇ ಈ ಮಾತು ತಿಳಿಸಿಬಿಡಿ.